ಗೋಡೆಗೆ ಕೆನ್ನೆ ಒತ್ತುತ್ತಿದ್ದ ತಾತ

ಈ ಪುಷ್ಯದ ಚಳಿಗೆ ನಡುಮನೆಯ ಗೋಡೆ ಮತ್ತೆ ತೇವ ಹಿಡಿದಿದೆ. ಬೆಳಿಗ್ಗೆ ಎದ್ದಾಗ ಹಸಿ ಮಣ್ಣು, ಸುಣ್ಣದ ವಾಸನೆ ಮೂಗಿಗೆ ಬಡಿಯಿತು. ಬಸ್ತಿಹಳ್ಳಿಯಿಂದ ನಡೆದು ಬರುತ್ತಿದ್ದ ಗಾರೆ ತಾತ ನೆನಪಾದರು...

ಹಳೇಬೀಡಿನಲ್ಲಿ ಮಣ್ಣಿನ ಗೋಡೆಗೆ ಗಾರೆ ಬಳಿಯಬೇಕೆಂದರೆ ಅವರೇ ಬರಬೇಕಿತ್ತು. ಗೋಡೆ ಒಣಗಿದೆಯೇ ಎಂದು ಕೈಯಿಂದ ಮುಟ್ಟಿ ನೋಡುತ್ತಿರಲಿಲ್ಲ, ಕಣ್ಣು ಮುಚ್ಚಿ ಕೆನ್ನೆ ಒತ್ತುತ್ತಿದ್ದರು. "ಸುಣ್ಣ ತಿಂದು ತಿಂದು ಕೈ ಮರಗಟ್ಟೋಗೈತೆ ಕಣವ್ವ, ಕೆನ್ನೆಗೇ ಗೊತ್ತಾಗೋದು" ಅನ್ನುತ್ತಿದ್ದರು. ಅಕ್ಕ, ನಾನು ಮುಸಿಮುಸಿ ನಗುತ್ತಿದ್ದೆವು.

ಮಾಘದಲ್ಲಿ ಅಕ್ಕನ ಮದುವೆ ಗೊತ್ತಾಗಿತ್ತು. ಅಷ್ಟರೊಳಗೆ ಈ ಗೋಡೆಗೆ ಹೊಸ ಗಾರೆ ಆಗಲೇಬೇಕೆಂದು ಹಟ ಹಿಡಿದವಳು ನಾನು. "ಈ ಚಳೀಲಿ, ಈ ಮಂಜಲ್ಲಿ ಒಣಗಾಕಿಲ್ಲ ಕಣವ್ವ. ಗೋಡೆ ಕೆಟ್ಟೋಯ್ತದೆ" ಎಂದರು ತಾತ. ನನಗೆ ಆಗ ನಾಲಿಗೆ ಉದ್ದ. ವಯಸ್ಸಾಯಿತು, ಕೈಲಾಗಲ್ಲ ಅಂತ ಹೇಳಿಬಿಡಿ ಎಂದು ಕುಟುಕಿದೆ. ಅವರು ಕರಣೆ ಎತ್ತಿಕೊಂಡರು. ಕೆಲಸ ಮುಗಿಸಿ ಹೊರಡುವಾಗ, "ಕಿಟಕಿ ತೆಗ್ದಿಡು. ಬೆಂಕಿ ಗಿಂಕಿ ಮಡಗಬ್ಯಾಡ, ತಾನಾಗೇ ಒಣಗ್ಲಿ" ಎಂದರು.

ಹತ್ತು ದಿನವಾದರೂ ಗೋಡೆ ಒದ್ದೆ. ಯಾರೂ ಇಲ್ಲದಾಗ ಕಿಟಕಿ ಮುಚ್ಚಿ, ಬಾಣಲೆ ತುಂಬ ಕೆಂಡ ತಂದಿಟ್ಟೆ. ಮೇಲೆಲ್ಲ ಬೆಳ್ಳಗೆ ಒಣಗಿತು, ಒಳಗೆ ಹಸಿ ಹಾಗೇ ಉಳಿಯಿತು. ಬೀಗರು ಬಂದು ಕೂತ ದಿನ ಗಾರೆ ಹಪ್ಪಳದ ಹಾಗೆ ಎದ್ದು, ಅವರ ಮುಂದೆಯೇ ಕಳಚಿ ಬಿತ್ತು.

ಅಪ್ಪ ತಾತನನ್ನು ಕರೆಸಿ ಎಲ್ಲರೆದುರು ಬೈದರು. ತಾತ ಗೋಡೆಗೆ ಕೆನ್ನೆ ಇಟ್ಟರು. ಬುಡದಲ್ಲಿ ಹತ್ತಿದ್ದ ಮಸಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ.

"ನಂದೇ ತಪ್ಪು ಗೌಡ್ರೆ, ಕೈ ಕೆಟ್ಟೋಯ್ತು" ಅಂದರು.

ಆಮೇಲೆ ಅವರನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಜೈನ ಬಸ್ತಿಯ ಹತ್ತಿರ ಬಿಸಿಲು ಕಾಯಿಸುತ್ತಾ ಕೂತಿರುತ್ತಿದ್ದರು... ನಾನು ಎದುರಾದರೆ, "ಗೋಡೆ ಹೆಂಗೈತವ್ವ?" ಎಂದು ಕೇಳುತ್ತಿದ್ದರು. ಅಪ್ಪನಿಗೆ ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ತಳ್ಳುತ್ತಲೇ ಬಂದೆ. ಮರುವರ್ಷದ ಚಳಿಗೆ ತಾತ ಹೋಗಿಬಿಟ್ಟರು. ಈಗ ಅಪ್ಪನೂ ಇಲ್ಲ.

ಇವತ್ತು ಅದೇ ಗೋಡೆಗೆ ಕೆನ್ನೆ ಒತ್ತಿ ನಿಂತೆ. ತಣ್ಣಗೆ ಕೊರೆಯಿತು. "ಕೆಂಡ ಇಟ್ಟವಳು ನಾನು ತಾತ" ಎಂದೆ.

"ಯಾರ ಹತ್ರ ಮಾತಾಡ್ತಿದೀಯಮ್ಮ?" ಅಡುಗೆಮನೆಯಿಂದ ಮಗಳು ಕೇಳಿದಳು.

"ಯಾರೂ ಇಲ್ಲ ಕಣೇ" ಎಂದೆ.