ಓರಗಿತ್ತಿಯ ಹಿತ್ತಾಳೆ ಮಗ

ದೊಡ್ಡಬಳ್ಳಾಪುರದ ಆ ಮನೆಗೆ ನಾನು ಸೊಸೆಯಾಗಿ ಹೋದದ್ದು ಅರವತ್ತರ ದಶಕದಲ್ಲಿ. ನಡುಮನೆಯಲ್ಲಿ ಗುಂಡಿಮಗ್ಗ, ಗೋಡೆಯಲ್ಲಿ ದೇವರ ಗೂಡು, ಮತ್ತು ದೇವರ ಜೊತೆ ಒಬ್ಬೊಬ್ಬರು ಒಂದೊಂದು ಬಗೆಯ ನೆಂಟಸ್ತಿಕೆ ಇಟ್ಟುಕೊಂಡ ಮೂವರು. ನನಗೋ, ದೇವರೆಂದರೆ ದೂರದ ಹಿರಿಯರಿದ್ದ ಹಾಗೆ. ಎದುರಾದರೆ ಸೆರಗು ಸರಿಮಾಡಿಕೊಂಡು ಬದಿಗೆ ಸರಿಯುವುದು, ಅಷ್ಟೇ.

ಅತ್ತೆ ದೇವರ ಆಳು. ಗೂಡಿಗೆ ಬೆನ್ನು ತೋರಿಸಬಾರದೆಂದು ಹಿಮ್ಮುಖವಾಗಿ ನಡೆದು ಬರುವರು. ಒಮ್ಮೆ ಹಾಗೇ ಬಂದು ಮಗ್ಗದ ಗುಂಡಿಗೆ ಬಿದ್ದು ಮೊಣಕಾಲು ಊದಿಸಿಕೊಂಡರೂ ಅಭ್ಯಾಸ ಬಿಡಲಿಲ್ಲ. ನಮ್ಮ ಯಜಮಾನರದು ಸಲಿಗೆ. ಮಗ್ಗದ ಎದುರಿಗಿದ್ದ ವೆಂಕಟರಮಣನ ಪಟದ ಜೊತೆ ಲಾಳಿ ಎಸೆಯುತ್ತಲೇ ಹರಟೆ. ಎಳೆ ಕಡಿದರೆ ಅವನನ್ನೇ ಬೈಯುವುದು, ಸೀರೆ ಮುಗಿದರೆ ಅವನಿಗೇ ತೋರಿಸುವುದು.

ಓರಗಿತ್ತಿಯದು ಬೇರೆ. ಭಾವ ತೀರಿಕೊಂಡು, ಮಕ್ಕಳಿಲ್ಲದೆ ಉಳಿದವಳು. ನಾನು ಅಕ್ಕ ಎನ್ನುತ್ತಿದ್ದೆ. ಅಂಗೈಯಷ್ಟು ದೊಡ್ಡ ಹಿತ್ತಾಳೆಯ ಅಂಬೆಗಾಲು ಕೃಷ್ಣ ಅವಳ ಮಗ. ಬೆಳಿಗ್ಗೆ ಒಲೆ ಹಚ್ಚಿದರೆ ಮೊದಲು ಕಾಯುತ್ತಿದ್ದುದು ಅವನ ನೀರು. ಮೊಣಕೈ ಅದ್ದಿ ಹದ ನೋಡಿ, ಎಣ್ಣೆ ಸವರಿ, ಮೀಯಿಸಿ, ರೇಷ್ಮೆ ತುಂಡಿನಲ್ಲಿ ಸುತ್ತುತ್ತಿದ್ದಳು. ಬೇಸಿಗೆಯಲ್ಲೂ ಅವನಿಗೆ ತಣ್ಣೀರು ಸೋಕಿಸಿದವಳಲ್ಲ. ನಾನು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದೆ. ನನಗೆ ಮಗಳು ಹುಟ್ಟಿದ ಮೇಲೆ ಒಂದೇ ಹಂಡೆಯ ನೀರು ಇಬ್ಬರು ಮಕ್ಕಳಿಗೂ ಆಯಿತು. ಮೀಯಿಸುತ್ತಿದ್ದವಳು ಅಕ್ಕನೇ. ನಗು ತಾನಾಗಿ ನಿಂತಿತು.

ಒಂದು ಶ್ರಾವಣದಲ್ಲಿ ಗುಡಿಗೆ ಬಂದ ಹರಿಕಥೆ ದಾಸರು, ಆಳಾಗಿ, ಗೆಳೆಯನಾಗಿ, ತಾಯಾಗಿ, ಹೆಂಡತಿಯಾಗಿ ಹೇಗಾದರೂ ದೇವರನ್ನು ಸೇರಬಹುದು ಎಂದರು. ಹಗೆ ಸಾಧಿಸಿದವನೂ ಸೇರುತ್ತಾನೆ, ಅವನೇ ಎಲ್ಲರಿಗಿಂತ ಬೇಗ, ಏಕೆಂದರೆ ಹಗೆಯಾದವನು ಒಂದು ಗಳಿಗೆಯೂ ಮರೆಯುವುದಿಲ್ಲ ಎಂದರು. ಅಕ್ಕನ ತೊಡೆಯ ಮೇಲೆ ನನ್ನ ಮಗಳು ನಿದ್ದೆ ಹೋಗಿದ್ದಳು. ಆ ಕೊನೆಯ ಮಾತು ನಮ್ಮಂಥವರಿಗಲ್ಲ ಅಂದುಕೊಂಡೆ.

ಮಗಳಿಗೆ ನಾಲ್ಕು ತುಂಬುವ ಮೊದಲು ಟೈಫಾಯ್ಡ್ ಬಂತು. ಕರುಳು ಹುಣ್ಣಾಗಿದೆ, ಗಂಜಿ ತಿಳಿ ಬಿಟ್ಟು ಬೇರೇನೂ ಕೊಡಬೇಡಿ, ಜ್ವರ ಬಿಟ್ಟ ಮೇಲೂ ಒಂದು ವಾರ ಕೊಡಬೇಡಿ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು. ಅಂದಿನಿಂದ ಅಕ್ಕ ತನ್ನ ಮಗನಿಗೂ ಪಥ್ಯ ಹಿಡಿಸಿದಳು. ಹುಡುಗಿ ಹಸಿದಿರುವಾಗ ಇವನಿಗೆ ಬೆಣ್ಣೆ ಹೇಗೆ ಇಳಿಯುತ್ತದೆ ಎಂಬುದು ಅವಳ ವಾದ. ಒಡೆಯನನ್ನು ಉಪವಾಸ ಕೆಡವುವುದುಂಟೇ ಎಂದು ಅತ್ತೆ ಕೆನ್ನೆ ಕೆನ್ನೆ ಬಡಿದುಕೊಂಡರು. ಅಕ್ಕ ಜಗ್ಗಲಿಲ್ಲ. ಇಬ್ಬರಿಗೂ ಗಂಜಿ ತಿಳಿ, ಇಬ್ಬರಿಗೂ ಕುಡಿಸಲು ಅದೇ ಒಳಲೆ.

ಹದಿನೆಂಟು ದಿನಕ್ಕೆ ಜ್ವರ ಬಿಟ್ಟಿತು. ಹಸಿವು ಹಿಡಿಯಿತು. ಮಗಳು ಅಡಿಗೆಮನೆಯ ಕಡೆ ಮುಖ ಮಾಡಿ ದಿನವಿಡೀ ಅಳುತ್ತಿದ್ದಳು. ಮೂರನೆಯ ದಿನ ಮಧ್ಯಾಹ್ನ ಅಕ್ಕ ತಡೆಯಲಾರದೆ ಅವಲಕ್ಕಿಗೆ ಬೆಲ್ಲ, ಕೊಬ್ಬರಿ ಕಲಸಿ ಮಗನ ಮುಂದಿಟ್ಟಳು. ಆ ಬಟ್ಟಲನ್ನೇ ಹಿಡಿದು ಹಾಸಿಗೆಯ ಹತ್ತಿರ ಬಂದಳು.

"ಪ್ರಸಾದ ಕಣೇ. ಅವನು ತಿಂದು ಬಿಟ್ಟಿದ್ದು. ಅದೇನ್ ಮಾಡುತ್ತೆ ಮಗೂಗೆ?"

ಡಾಕ್ಟರು ಅವಲಕ್ಕಿ ಬೇಡವೆಂದಿದ್ದರು. ಪ್ರಸಾದ ಬೇಡವೆಂದು ಯಾರು ಹೇಳಿಯಾರು? ಹಾಗಂತ ನನಗೆ ನಾನೇ ಹೇಳಿಕೊಂಡೆ. ಮಗಳ ತಲೆ ಎತ್ತಿ ಹಿಡಿದವಳು ನಾನೇ. ಒಂದೊಂದೇ ತುತ್ತಿಗೆ ಅವಳು ಕಣ್ಣು ಮುಚ್ಚಿಕೊಂಡು ಅಗಿದಳು.

ಮಾರನೆಯ ದಿನ ಅವಳ ಹೊಟ್ಟೆ ಹಲಗೆಯ ಹಾಗೆ ಬಿಗಿಯಿತು. ಬೆಂಗಳೂರಿನ ದೊಡ್ಡಾಸ್ಪತ್ರೆಗೆಂದು ಬಸ್ಸು ಹತ್ತಿದೆವು. ಯಲಹಂಕ ತಲುಪುವ ಮೊದಲೇ ನನ್ನ ಮಡಿಲಲ್ಲಿ ಹೋದಳು. ವಾಪಸು ಬರುವಾಗ ಹೆಣವನ್ನು ಬಸ್ಸಿಗೆ ಹತ್ತಿಸುವುದಿಲ್ಲವೆಂದು ಹೆದರಿ, ಮಗು ಮಲಗಿದೆ ಎಂದೆವು. ಪಕ್ಕದಲ್ಲಿದ್ದ ಹೆಂಗಸು ಬಿಸಿಲು ಬೀಳದಿರಲೆಂದು ಅದರ ಮುಖಕ್ಕೆ ತನ್ನ ಸೆರಗು ಹಿಡಿದಳು.

ಅವನ ಸೊತ್ತು, ಅವನು ತೆಗೆದುಕೊಂಡ ಎಂದು ಅತ್ತೆ ದೀಪ ಹಚ್ಚಿದರು. ಯಜಮಾನರು ಪಟವನ್ನು ಗೋಡೆಯ ಕಡೆಗೆ ತಿರುಗಿಸಿದರು. ಆಮೇಲೆ ಅವನೊಡನೆ ಮಾತಿಲ್ಲ, ನನ್ನೊಡನೆಯೂ ಅಷ್ಟಕ್ಕಷ್ಟೆ.

ಮೂರು ದಿನ ಕಳೆದ ಮೇಲೆ ಬೆಳಿಗ್ಗೆ ಎದ್ದು ಹಿತ್ತಿಲಿಗೆ ಬಂದರೆ ಅಕ್ಕ ನೀರು ಕಾಯಿಸಿ ಮೊಣಕೈ ಅದ್ದಿ ನೋಡುತ್ತಿದ್ದಳು. ಮಣೆಯ ಮೇಲೆ ಅವನು ಅಂಬೆಗಾಲಿಟ್ಟು ನಗುತ್ತಿದ್ದ. ಅದೇ ಬಟ್ಟಲಿನಲ್ಲಿ ತಿಂದವನು. ಇವಳ ಮಗ ಇದ್ದಾನೆ, ನನ್ನವಳು ಮಣ್ಣಿನಲ್ಲಿದ್ದಾಳೆ ಎಂದು ಮೈಯೆಲ್ಲ ಉರಿಯಿತು. ಅಕ್ಕ ಎಣ್ಣೆ ತರಲು ಒಳಗೆ ಹೋದದ್ದೇ ತಡ, ಅವನನ್ನು ಎತ್ತಿ ಬಾವಿಗೆ ಹಾಕಿದೆ. ಕಾಯಿ ಬಿದ್ದಷ್ಟು ಸದ್ದಾಯಿತು.

ಅಕ್ಕ ಬಂದು ಬರಿ ಮಣೆ ನೋಡಿದಳು, ನನ್ನ ಕೈ ನೋಡಿದಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಕಾದೆ. ಹೊಡೆದಿದ್ದರೆ ನನಗೂ ಒಳ್ಳೆಯದಿತ್ತು. ಅವಳು ಬಾವಿಕಟ್ಟೆಗೆ ಬಗ್ಗಿ ಒಳಗೆ ನೋಡಿದಳು.

"ತಣ್ಣೀರು ಕಣೇ ಅದು," ಅಂದಳು. "ಅವನಿಗೆ ಆಗಲ್ಲ."

ಮಣ್ಣಿನಲ್ಲಿ ಮಲಗಿಸಿ ಬಂದ ಮಗಳನ್ನು ನೆನೆದು, ಹಿಂದಿನ ದಿನ ಮಳೆ ಬಂದಾಗ ನಾನೂ ಅದನ್ನೇ ಅಂದುಕೊಂಡಿದ್ದೆ. ನನಗಾದದ್ದನ್ನು ನಾನು ಇನ್ನೊಬ್ಬ ತಾಯಿಗೆ ಮಾಡಿದ್ದೆ.

ಮೀಯಿಸುವಾಗ ತನ್ನ ಕೈಜಾರಿ ಬಿದ್ದ ಎಂದು ಅಕ್ಕ ಅತ್ತೆಗೆ ಹೇಳಿದಳು. ಅವಲಕ್ಕಿಯ ವಿಷಯ ನಾವಿಬ್ಬರೂ ಬಾಯಿ ಬಿಡಲಿಲ್ಲ. ಬೇಸಿಗೆಯಲ್ಲಿ ಹೂಳು ತೆಗೆಸಿದಾಗಲೂ ಅವನು ಸಿಗಲಿಲ್ಲ. ಆದರೆ ಬೆಳಿಗ್ಗೆ ಒಲೆ ಹಚ್ಚಿದರೆ ಮೊದಲು ಕಾಯುತ್ತಿದ್ದುದು ಅವನ ನೀರೇ. ಅಕ್ಕ ಮೊಣಕೈ ಅದ್ದಿ ಹದ ನೋಡಿ, ಒಂದು ಚೆಂಬನ್ನು ನಿಧಾನವಾಗಿ ಬಾವಿಗೆ ಸುರಿಯುವಳು. ಎಂಟು ವರ್ಷ ಸುರಿದಳು.

ಅವಳು ತೀರಿಕೊಂಡ ಮರುದಿನ ನಾನು ಒಲೆ ಹಚ್ಚಿದೆ. ಅವನ ಮೇಲಿನ ಸಿಟ್ಟು ಇನ್ನೂ ಆರಿರಲಿಲ್ಲ, ಇಂದಿಗೂ ಆರಿಲ್ಲ. ಮೊಣಕೈ ಅದ್ದಿ ನೋಡಿದೆ. ಸ್ವಲ್ಪ ಬಿಸಿ ಹೆಚ್ಚಾಗಿತ್ತು. ಆರುವ ತನಕ ಬಾವಿಕಟ್ಟೆಯ ಮೇಲೆ ಕಾಯುತ್ತ ಕೂತೆ.