ಬಾಗಿಲ ಸಂದಿನ ನಾಟಕ

ರಂಗಮಂದಿರದ ಬಾಗಿಲು ಕಾಯುವುದು ಅವನ ಕೆಲಸ. ನಾಟಕ ಶುರುವಾಗುವ ಮೂರನೆಯ ಗಂಟೆ ಹೊಡೆದೊಡನೆ ಬಾಗಿಲು ಮುಚ್ಚಿ, ಹೊರಗೆ ಸ್ಟೂಲು ಹಾಕಿಕೊಂಡು ಕೂರಬೇಕು. ಇಪ್ಪತ್ತೆರಡು ವರ್ಷಗಳಲ್ಲಿ ಒಂದು ನಾಟಕವನ್ನೂ ಅವನು ಪೂರ್ತಿ ನೋಡಿರಲಿಲ್ಲ.

ನಾಟಕದ ಹುಚ್ಚು ಇದ್ದದ್ದು ಹೆಂಡತಿಗೆ. ಬೆನ್ನುಮೂಳೆಯಲ್ಲಿ ಗಡ್ಡೆಯಾಗಿ ಆಕೆ ಹಾಸಿಗೆ ಹಿಡಿದ ಮೇಲೆ ಅವನೊಂದು ದಾರಿ ಹುಡುಕಿದ. ಸಂಜೆ ಮನೆಗೆ ಫೋನು ಮಾಡಿ, ತನ್ನ ಫೋನನ್ನು ಬಾಗಿಲ ಸಂದಿಗೆ ಆನಿಸಿಡುತ್ತಿದ್ದ. ಆಕೆ ದಿಂಬಿನ ಮೇಲಿಟ್ಟ ಫೋನಿಗೆ ಕಿವಿ ಹಚ್ಚಿ ಕೇಳುತ್ತಿದ್ದಳು. ಆ ವರ್ಷ ನಡೆಯುತ್ತಿದ್ದುದು ಪ್ರೇಮದ ನಾಟಕ. ಪ್ರೀತಿಸಿದವಳನ್ನು ಬಿಟ್ಟು ದೂರ ಹೊರಡಲಿರುವ ನಾಯಕ, ಆ ಸಂಗತಿ ಮುಚ್ಚಿಟ್ಟು ಅವಳನ್ನು ನಗಿಸುತ್ತಲೇ ಇರುತ್ತಾನೆ.

ಅವನು ಮನೆ ಸೇರುವಷ್ಟರಲ್ಲಿ ಆಕೆಯ ವಿಮರ್ಶೆ ತಯಾರಾಗಿರುತ್ತಿತ್ತು. ನಾಯಕಿಗೆ ಇವತ್ತು ನೆಗಡಿಯಂತೆ, ನಾಯಕನ ಬೂಟು ಕಿರುಗುಟ್ಟುತ್ತದಂತೆ, ಅದಕ್ಕೊಂದು ತೊಟ್ಟು ಎಣ್ಣೆ ಬಿಡಿಸಬೇಕಂತೆ.

ಒಂದು ದಿನ ಊಟ ತಿನ್ನಿಸುವಾಗ, ಡಾಕ್ಟರು ನಿಜವಾಗಿ ಏನಂದರೆಂದು ಕೇಳಿದಳು.

"ಹೇಳಿದ್ನಲ್ಲ. ಆರು ತಿಂಗಳಲ್ಲಿ ಎದ್ದು ಓಡಾಡ್ತೀಯಂತೆ."

"ಆ ನಾಯಕ ಸುಳ್ಳು ಹೇಳುವಾಗ ದನಿ ಒಂಚೂರು ಮೇಲಕ್ಕೆ ಹೋಗುತ್ತೆ. ನಿಮ್ದೂ ಈಗ ಹಾಗೇ ಹೋಯ್ತು."

ಅವನು ಚಮಚವನ್ನು ತಟ್ಟೆಯಲ್ಲಿಟ್ಟ. ಎರಡು ತಿಂಗಳಿಂದ ಮುಚ್ಚಿಟ್ಟಿದ್ದನ್ನೆಲ್ಲ ಹೇಳಿಬಿಟ್ಟ. ಗಡ್ಡೆ ಹರಡಿತ್ತು, ಆಪರೇಷನ್ ಮಾಡುವ ಹಾಗಿರಲಿಲ್ಲ. ಆಕೆ ಅಳಲಿಲ್ಲ. ಇಷ್ಟು ದಿನ ಒಬ್ಬರೇ ಹೊತ್ತುಕೊಂಡು ತಿರುಗಿದಿರಲ್ಲ ಎಂದು ಅವನ ಮೊಣಕೈ ಸವರಿದಳು. ಅತ್ತವನು ಅವನೇ.

ಆಮೇಲೆ ಐದು ವಾರ ಇದ್ದಳು. ಕೊನೆಕೊನೆಗೆ ಎರಡನೆಯ ಅಂಕಕ್ಕೆ ಮುಂಚೆಯೇ ಕಣ್ಣು ಮುಚ್ಚುತ್ತಿದ್ದಳು. ಆದರೂ ಅವನು ಕರೆ ಕಡಿಯುತ್ತಿರಲಿಲ್ಲ. ಒಂದು ಸಂಜೆ ಒಳಗೆ ಜನ ನಗುತ್ತಿದ್ದಾಗ ಆಕೆಯನ್ನು ನೋಡಿಕೊಳ್ಳಲು ಬಂದಿದ್ದ ನಾದಿನಿಯ ದನಿ ಫೋನಿನಲ್ಲಿ ಕೇಳಿಸಿತು.

"ಭಾವ, ಮನೆಗೆ ಬನ್ನಿ."

ಬಾಗಿಲನ್ನು ಹಾಗೇ ಬಿಟ್ಟು ಓಡಿದ. ಅವನು ತಲುಪುವ ಮೊದಲೇ ಆಕೆ ಹೋಗಿಬಿಟ್ಟಿದ್ದಳು.

ಕೆಲಸಕ್ಕೆ ಮರಳಿದ ದಿನ ನಾಯಕಿಯ ಪಾರ್ಟು ಮಾಡುವವಳು ಅವನ ಸ್ಟೂಲಿನ ಹತ್ತಿರ ಬಂದಳು. ಫೋನಿನ ವಿಷಯ ಅಷ್ಟರಲ್ಲಿ ಎಲ್ಲರಿಗೂ ತಿಳಿದಿತ್ತು. ಅಕ್ಕ ಫೋನಿನಲ್ಲಿ ನಾಟಕ ಕೇಳಿ ತನ್ನ ಬಗ್ಗೆ ಏನಾದರೂ ಹೇಳುತ್ತಿದ್ದರೇ ಎಂದು ಅಳುಕುತ್ತ ಕೇಳಿದಳು. ಎರಡು ಒಳ್ಳೆಯ ಮಾತು ಕಟ್ಟಿ ಹೇಳಬಹುದಿತ್ತು. ಅವನಿಗೆ ಮನಸ್ಸು ಬರಲಿಲ್ಲ.

"ಮಾತಿನ ಕೊನೆ ನುಂಗ್ತೀರಿ ಅಂತಿದ್ಲು."

ಅವಳು ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಮರುವಾರ ಅವನು ಮ್ಯಾನೇಜರರನ್ನು ಕೇಳಿಕೊಂಡು ಹಗಲಿನ ಟಿಕೆಟ್ ಕೌಂಟರಿಗೆ ಬದಲಾಯಿಸಿಕೊಂಡ. ಈಗ ಸಂಜೆ ಐದಕ್ಕೇ ಮನೆ ಸೇರುತ್ತಾನೆ. ಅಷ್ಟು ಬೇಗ ಬಂದು ಏನು ಮಾಡಬೇಕೆಂಬುದು ಅವನಿಗಿನ್ನೂ ತಿಳಿದಿಲ್ಲ.