ಮುತ್ತಜ್ಜನ ಎರಡು ಕ್ವಾರಂಟೈನ್

ಕುವೆಂಪುನಗರದ ನಮ್ಮ ಮನೆಗೆ ಯಾರೇ ಬಂದರೂ ಅತ್ತೆ ಗೋಡೆಯ ಮೇಲಿನ ಫೋಟೊದಲ್ಲಿ ಕೋಟು ತೊಟ್ಟ ಮುತ್ತಜ್ಜನನ್ನು ತೋರಿಸುತ್ತಾರೆ: “ಆ ಕಾಲಕ್ಕೇ ಆಫ್ರಿಕಾಕ್ಕೆ ಹೋಗಿದ್ರು ಕಣ್ರೀ!”

ಅತ್ತೆ ಅಲ್ಲಿಗೇ ನಿಲ್ಲಿಸುತ್ತಾರೆ. ಕೂಲಿಗಳು ತುಂಬಿದ್ದ ಹಡಗಿನಲ್ಲಿ ಗುಮಾಸ್ತಿಕೆಗೆಂದು ಹೊರಟ ಮುತ್ತಜ್ಜನನ್ನು ಬ್ರಿಟಿಷರು ಪ್ಲೇಗಿನ ಭಯಕ್ಕೆ ದ್ವೀಪವೊಂದರಲ್ಲಿ ಕೂಡಿಹಾಕಿ, ಬಟ್ಟೆ ಕುದಿಸಿ, ನಾಲಿಗೆ ನೋಡಿ ಬಿಟ್ಟರಂತೆ. ಮೈಸೂರಿಗೆ ಮರಳಿದಾಗ ನಮ್ಮವರು ಸಮುದ್ರ ದಾಟಿದ ಪಾಪಕ್ಕೆ ಕೊಟ್ಟಿಗೆಯಲ್ಲಿಟ್ಟು, ಅದೇ ನಾಲಿಗೆಗೆ ಪಂಚಗವ್ಯ ಹಾಕಿದರು. ಅಷ್ಟಾದರೂ ಅವರ ಊಟದ ಎಲೆ ಜಗಲಿಯಲ್ಲೇ ಬೀಳುತ್ತಿತ್ತು.

ಮೊನ್ನೆ ಅತ್ತೆಯ ಮೊಮ್ಮಗಳನ್ನು ನೋಡಲು ಬಂದ ಗಂಡಿನ ಕಡೆಯವರೊಬ್ಬರು ಫೋಟೊ ನೋಡುತ್ತಾ, “ಅದು ಪ್ಲೇಗಿನ ಕಾಲ ಅಲ್ವಾ? ಆಗ್ಲೂ ಕ್ವಾರಂಟೈನ್ ಇತ್ತಾ?” ಎಂದರು.

ನನಗೆ ತಡೆಯಲಾಗಲಿಲ್ಲ. “ಇತ್ತಲ್ಲ! ಬ್ರಿಟಿಷರದ್ದು ನಾಕೇ ದಿನ. ನಮ್ಮನೇದು ಮುತ್ತಜ್ಜ ಫೋಟೊ ಆಗೋವರೆಗೂ.”